ಹನ್ನೊಂದು ವೈರು

ಹಳೇ ಕಾರಿಗೆ ಬೇರೆ ಎಂಜಿನ್ ಕೂಡಿಸೋದು ಅಂದ್ರೆ ಎಲ್ಲರಿಗೂ ಆ ಭಾರದ ಎಂಜಿನ್ ಎತ್ತೋದೇ ದೊಡ್ಡ ಕೆಲಸ ಅನ್ನಿಸುತ್ತದೆ. ನಿಜ ಹೇಳಬೇಕಂದ್ರೆ ಅದು ಸುಲಭದ ಭಾಗ. ಇಬ್ಬರು ಹುಡುಗರು, ಒಂದು ಚೈನ್ ಪುಲ್ಲಿ, ಒಂದು ಗಟ್ಟಿ ಬೇವಿನ ಗಿಡ ಇದ್ದರೆ ಮಾರುತಿ 800ರ ಎಂಜಿನ್ನನ್ನು ಮುಂಜಾನೆ ಇಳಿಸಿ ಸಂಜೆಗೆ ಇನ್ನೊಂದನ್ನು ಏರಿಸಬಹುದು. ಮನುಷ್ಯ ಹಣ್ಣಾಗೋದು ವೈರಿಂಗಿನಾಗ. ನಮ್ಮ ಗಾಡಿಗೆ ಎಂಜಿನ್ ಕೂಡಿಸಲು ಒಂದು ದಿನ ಹಿಡಿಯಿತು. ವೈರು ಕೂಡಿಸಲು ಐದು ವಾರ.

ಗಾಡಿ ಅಪ್ಪಂದು. 1996ರ ಡಿಸೆಂಬರಿನಲ್ಲಿ ಕೊಂಡ ಬಿಳಿ ಮಾರುತಿ 800. ಆಗಿನ್ನೂ ಗದಗ ಜಿಲ್ಲೆಯೇ ಆಗಿರಲಿಲ್ಲ, 1997ರಲ್ಲಿ ಧಾರವಾಡದಿಂದ ಬೇರೆಯಾಗಿದ್ದು. ಹಂಗಾಗಿ ನಂಬರ್ ಪ್ಲೇಟ್ ಮೇಲೆ ಇವತ್ತಿಗೂ ಕೆಎ 25 ಅಂತಲೇ ಇದೆ. ಪಕ್ಕದ ಮನೆಯವರ ಗಾಡಿಗಳೆಲ್ಲ ಕೆಎ 26. ಪ್ರೈಮರಿ ಶಾಲೆ ಮಾಸ್ತರು ಸಾಲ ಮಾಡಿ ಕಾರು ತಂದಾರ ಅಂತ ಲಕ್ಷ್ಮೇಶ್ವರದ ಆಚೀಚೆ ಒಂದಿಷ್ಟು ದಿನ ಮಾತಾಯಿತು. ಆಮೇಲೆ ಆ ಮಾತಾಡಿದವರೇ ನಡುರಾತ್ರಿ ಬಂದು ಬಾಗಿಲು ಬಡಿದರು: ಸೊಸೆಗೆ ಬ್ಯಾನಿ ಎದ್ದಾವ, ಗಾಡಿ ತೆಗೀರಿ ಮಾಸ್ತರ್ರ. ನಮ್ಮೂರಲ್ಲಿ ಈಗ ಇಪ್ಪತ್ತರ ಆಸುಪಾಸಿನ ಎಷ್ಟು ಹುಡುಗರ ತಾಯಂದಿರು ಆ ಹಿಂದಿನ ಸೀಟಿನಲ್ಲಿ ಆಸ್ಪತ್ರೆಗೆ ಹೋಗಿದ್ದಾರೋ ಲೆಕ್ಕ ಇಟ್ಟವರಿಲ್ಲ.

2021ರಲ್ಲಿ ಪರಿಸ್ಥಿತಿ ತಿರುಗಿತು. ಅವ್ವನಿಗೆ ಡಯಾಲಿಸಿಸ್ ಶುರುವಾಯಿತು, ವಾರಕ್ಕೆ ಎರಡು ಸಲ ಗದಗಿಗೆ. ಏಳು ಗಂಟೆಗೆ ಅಲ್ಲಿರಬೇಕು ಅಂದ್ರೆ ಐದೂವರೆಗೆ ಊರು ಬಿಡಬೇಕು. ಗಾಡಿಗೆ ಆಗ ಇಪ್ಪತ್ತೈದು ತುಂಬುತ್ತಿತ್ತು. ಚೋಕ್ ಎಳೆದು, ಎರಡು ಸಲ ಆಕ್ಸಿಲರೇಟರ್ ತುಳಿದು, ಮೂರು ಸಲ ಸೆಲ್ಫ್ ಹೊಡೆದರೆ ಒಮ್ಮೆ ಕೆಮ್ಮಿ ಹತ್ತೋದು. ಹತ್ತಿದ ಮೇಲೆ ಮುಳಗುಂದದ ಹತ್ತಿರ ಎಲ್ಲೋ ಒಂದು ಕಡೆ ಜೋಲಿ ಹೊಡೆಯೋದು. ಒಂದು ಸಿಲಿಂಡರಿನಲ್ಲಿ ಕಂಪ್ರೆಶನ್ ಉಳಿದಿರಲಿಲ್ಲ, ಆಯಿಲ್ ಸುಡುತ್ತಿತ್ತು.

ನಾನು ಆಗ ವರ್ಕ್ ಫ್ರಂ ಹೋಮ್ ಮೇಲೆ ಊರಲ್ಲೇ ಇದ್ದೆ. ಹೊಸ ಗಾಡಿ ತರೋಣ, ಕಂತು ನಾನು ಕಟ್ಟತೀನಿ ಅಂದೆ. ಅಪ್ಪ ಪೇಪರಿನಿಂದ ಮುಖ ಎತ್ತಲಿಲ್ಲ. "ನನ್ನ ಕೈಕಾಲಿಗೆ ಗೊತ್ತಿರೋದು ಇದೊಂದ ಗಾಡಿ. ಅರವತ್ತೆಂಟನೇ ವರ್ಷಕ್ಕ ಹೊಸಾ ಕ್ಲಚ್ ಕಲಿ ಅಂತೀ ಏನು? ನೀ ಬೆಂಗಳೂರಿಗೆ ಹೊಳ್ಳಿ ಹೋದ ಮ್ಯಾಲ ನಿಮ್ಮವ್ವನ್ನ ಕರಕೊಂಡ ಹೋಗಾಂವ ನಾನ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾತು ಸರಿಯಾಗಿಯೇ ಇತ್ತು.

ಬೆಟಗೇರಿಯಲ್ಲಿ ಒಬ್ಬ ಮಿಸ್ತ್ರಿ ಇದ್ದಾರೆ, ಊರಿಗೆಲ್ಲ ಚಾಚಾ. ಅಪ್ಪನ ಗಾಡಿ ಮೊದಲಿಂದಲೂ ಅವರ ಕೈಯಲ್ಲೇ. ಬಾನೆಟ್ ತೆಗೆದು, ಆಯಿಲ್ ಕಡ್ಡಿ ಎಳೆದು ಮೂಸಿ, ಅವರಂದಿದ್ದು: "ಬೋರ್ ಒಮ್ಮೆ ಮಾಡೇವಿ, ಇನ್ನೊಮ್ಮೆ ಮಾಡಿದ್ರ ಗ್ವಾಡಿ ತೆಳು ಆಕ್ಕಾವು. ಕಾರ್ಬುರೇಟರ್ ಸಾಮಾನು ಛಲೋದು ಸಿಗಂಗಿಲ್ಲ. ಇದರ ತಮ್ಮನ್ನ ತಂದು ಹಾಕೂಣು." ತಮ್ಮ ಅಂದರೆ ಎಂಪಿಎಫ್‌ಐ. ಅದೇ ಮಾರುತಿ 800ರ ನಂತರದ ಎಂಜಿನ್. ಅದೇ ಮೂರು ಸಿಲಿಂಡರು, ಅದೇ 796 ಸಿಸಿ, ಆದರೆ ಕಾರ್ಬುರೇಟರ್ ಜಾಗದಲ್ಲಿ ಇಂಜೆಕ್ಟರ್, ಮತ್ತು ಅವನ್ನು ನಡೆಸಲು ಇಸಿಎಂ ಅನ್ನೋ ಕಂಪ್ಯೂಟರ್ ಡಬ್ಬಿ. ಬಿಎಸ್ ಎರಡು, ಬಿಎಸ್ ಮೂರು ಅಂತ ಹೊಗೆ ನಿಯಮ ಬಿಗಿಯಾಗುತ್ತ ಹೋದಂತೆ 800 ಹೊಟ್ಟೆಯೊಳಗೆ ಬದಲಾಯಿತು, ಹೊರಗಿನ ರೂಪ ಮಾತ್ರ ಹೆಚ್ಚುಕಡಿಮೆ ಹಂಗೇ ಉಳಿಯಿತು. 1983ರ ಡಿಸೆಂಬರಿನಲ್ಲಿ ಶುರುವಾಗಿ 2014ರ ಜನವರಿಯಲ್ಲಿ ತಯಾರಿಕೆ ನಿಂತ ಗಾಡಿ ಅದು. ಮೂವತ್ತು ವರ್ಷ ಒಂದೇ ಹೆಸರು ಇಟ್ಟುಕೊಂಡಿದ್ದರಿಂದಲೇ ನಮ್ಮಂಥವರಿಗೆ ಈ ದಾರಿ ಉಳಿದಿದ್ದು.

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ರೀಲು ನೋಡಿ 800ರೊಳಗೆ ಎಸ್ಟೀಮಿನ 1.3 ಎಂಜಿನ್ ಕೂಡಿಸೋ ಆಸೆಯವರು ನಮ್ಮ ಆಫೀಸಿನಲ್ಲೇ ಇಬ್ಬರಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಎಂಜಿನ್ ಬದಲಾಯಿಸಿದರೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ಅಪ್ಪ ಮಾಸ್ತರು. ಕೆಲಸಕ್ಕೆ ಕೈ ಹಚ್ಚೋ ಮೊದಲೇ ಅರ್ಜಿ ಬರೆದು ಇಟ್ಟಿದ್ದರು. "ಕಳವಿನ ಎಂಜಿನ್ನು ನನ್ನ ಗಾಡ್ಯಾಗ ಬ್ಯಾಡ, ಬಿಲ್ಲು ಬೇಕು" ಅನ್ನೋದು ಅವರ ಮೊದಲ ಷರತ್ತು. ನನಗನಿಸೋ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯ ಬಿಡಿಭಾಗ ಆ ಬಿಲ್ಲೇ.

ಹುಬ್ಬಳ್ಳಿಯ ಒಂದು ಗುಜರಿಯಲ್ಲಿ 2007ರ 800 ಸಿಕ್ಕಿತು. ಬಾಡಿ ಅಪ್ಪಚ್ಚಿ, ಎಂಜಿನ್ ಆರೋಗ್ಯ. ನಾನು ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ರೇಟು ಮಾತಾಡುತ್ತಿದ್ದರೆ ಚಾಚಾ ಸೀದಾ ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ಮಲಗಿದರು. ಒಳಗಿಂದಲೇ ಕೂಗಿದರು: "ಸಾಹೇಬ್ರ, ವೈರಿಗೆ ಕತ್ರಿ ಹಚ್ಚಬ್ಯಾಡ ಅಂತ ಹೇಳ್ರಿ ಅವಗ. ಒಂದ ವೈರೂ ಕತ್ತರಿಸಬಾರದು. ತುದಿಯಿಂದ ತುದೀತನಕ ಬೇಕು." ಗುಜರಿಯವರು ಸಾಮಾನ್ಯವಾಗಿ ಎಂಜಿನ್ ಬಿಚ್ಚೋ ಅವಸರಕ್ಕೆ ವೈರನ್ನು ಕತ್ತರಿಸಿ ಒಗೀತಾರೆ. ಹಂಗೆ ಬಂದ ಎಂಪಿಎಫ್‌ಐ ಎಂಜಿನ್ ಅಂದರೆ ನಾಲಿಗೆ ಇಲ್ಲದ ಮನುಷ್ಯ ಇದ್ದಂಗೆ, ಏನು ಬೇಕಂತ ಹೇಳೋಕೂ ಬರಲ್ಲ. ಇಸಿಎಂ, ರಿಲೇಗಳು, ಪೂರ್ತಿ ವೈರಿಂಗ್, ಸೈಲೆನ್ಸರಿನ ಜೊತೆ ಆಕ್ಸಿಜನ್ ಸೆನ್ಸರು, ಕೊನೆಗೆ ಪೆಟ್ರೋಲ್ ಟ್ಯಾಂಕು ಸಮೇತ ತಂದೆವು. ಟ್ಯಾಂಕು ಯಾಕಂದ್ರೆ ಕಾರ್ಬುರೇಟರ್ ಗಾಡಿಯಲ್ಲಿ ಎಂಜಿನ್ನಿಗೆ ಅಂಟಿದ ಸಣ್ಣ ಪಂಪು ಮೆಲ್ಲಗೆ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಇಂಜೆಕ್ಟರಿಗೆ ಅದು ಸಾಲದು, ಅದಕ್ಕೆ ಹತ್ತು ಪಟ್ಟಾದರೂ ಒತ್ತಡ ಬೇಕು. ಹಾಗಾಗಿ ಕರೆಂಟ್ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ. ಹಳೇ ರಬ್ಬರ್ ಪೈಪು ಆ ಒತ್ತಡಕ್ಕೆ ಒಡೆಯುತ್ತದೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಅಲ್ಲಿ ಉಳಿತಾಯ ಮಾಡೋರನ್ನ ನಾನು ನೋಡಿದ್ದೇನೆ. ಅವರ ಗಾಡಿ ಹತ್ತೋದಿಲ್ಲ ನಾನು.

ನಾನು ಓದಿದ್ದು ಬಿಇ ಕಂಪ್ಯೂಟರ್ ಸೈನ್ಸ್. ಸ್ಪ್ಯಾನರ್ ಹಿಡಿದವನಲ್ಲ. ಆದರೆ ಸರ್ವಿಸ್ ಮ್ಯಾನ್ಯುವಲ್ಲಿನ ವೈರಿಂಗ್ ನಕ್ಷೆ ಓದೋಕೆ ಬರುತ್ತದೆ. ಚಾಚಾಗೆ ನಕ್ಷೆ ಓದಿ ರೂಢಿಯಿಲ್ಲ, ಆದರೆ ವೈರನ್ನು ಮುಟ್ಟಿ ಇದು ಎಷ್ಟು ಕರೆಂಟು ಹೊತ್ತಿದೆ ಅಂತ ಹೇಳುತ್ತಾರೆ. ಗದಗ ಪ್ರೆಸ್ಸುಗಳ ಊರು. ಅಲ್ಲೇ ಒಂದು ಕಡೆ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹೊಡೆಸಿ ಗ್ಯಾರೇಜಿನ ಗೋಡೆಗೆ ಅಂಟಿಸಿದೆ. ಚಾಚಾ ಒಂದು ಹಳೇ ಪ್ಲೈವುಡ್ ಬಾಗಿಲು ತಂದು ನೆಲಕ್ಕೆ ಹಾಕಿ, ಮೊಳೆ ಬಡಿದು, ಹುಬ್ಬಳ್ಳಿಯಿಂದ ಬಂದ ವೈರಿನ ಗಂಟನ್ನು ಅದರ ಮೇಲೆ ಬಿಡಿಸಿ ಹರವಿದರು. ಎಂಜಿನ್ ಎಲ್ಲಿ ಬರುತ್ತದೆ, ಇಸಿಎಂ ಎಲ್ಲಿ, ಬ್ಯಾಟರಿ ಎಲ್ಲಿ, ಸೀಮೆಸುಣ್ಣದಲ್ಲಿ ಗುರುತು. ಪಕ್ಕದ ಓಣಿಯ ನೇಕಾರರೊಬ್ಬರು ಬಂದು ಸ್ವಲ್ಪ ಹೊತ್ತು ನಿಂತು ನೋಡಿ, "ಹಾಸು ಹೂಡಿದಂಗ ಐತಲ್ಲೋ ಇದು" ಅಂದರು. ಬೆಟಗೇರಿಯಲ್ಲಿ ಬೇರೆ ಯಾವ ಹೋಲಿಕೆ ಬಂದೀತು.

ಹಂಗೆ ಹರವಿದ ಮೇಲೆಯೇ ನಮ್ಮ ಮುಂದಿದ್ದ ನಿಜವಾದ ಪ್ರಶ್ನೆ ಕಂಡಿದ್ದು. ಎರಡು ದಾರಿ ಇದ್ದವು. ಒಂದು, ಹಳೇ ಗಾಡಿಯ ವೈರಿಂಗ್ ಪೂರ್ತಿ ಕಿತ್ತು ಹೊಸದನ್ನು ಹಾಕೋದು. 1996ರ ಬಾಡಿಯ ಲೈಟು, ವೈಪರ್, ಸ್ವಿಚ್ಚು ಎಲ್ಲದರ ಕನೆಕ್ಟರ್ ಬೇರೆ, ಒಂದೊಂದೂ ಹೊಸ ಜಗಳ. ಇನ್ನೊಂದು, ಎರಡನ್ನೂ ಕಂಡಕಂಡಲ್ಲಿ ಸೇರಿಸುತ್ತ ಹೋಗೋದು. ಬಹಳ ಜನ ಮಾಡೋದು ಇದನ್ನೇ, ಮತ್ತು ಆರು ತಿಂಗಳ ನಂತರ ಯಾವ ವೈರು ಎಲ್ಲಿಗೆ ಹೋಗಿದೆ ಅಂತ ಮಾಡಿದವರಿಗೂ ಗೊತ್ತಿರೋದಿಲ್ಲ.

ಎರಡೂ ಬೇಡ ಅನ್ನೋ ತೀರ್ಮಾನಕ್ಕೆ ನಾನು ನಕ್ಷೆ ಕಡೆಯಿಂದ ಬಂದೆ, ಚಾಚಾ ತಮ್ಮ ದಾರಿಯಿಂದ ಬಂದರು. ಹೊಸ ಎಂಜಿನ್ನಿನ ಸಂಸಾರ ಬೇರೆ ಇರಲಿ. ಇಸಿಎಂ, ಅದರ ಸೆನ್ಸರು, ಇಂಜೆಕ್ಟರು, ರಿಲೇ, ಫ್ಯೂಜು ಎಲ್ಲ ಅದರದೇ ವೈರಿನಲ್ಲಿ, ಕಂಪನಿ ಹಾಕಿದ ಹಂಗೇ. ಹಳೇ ಗಾಡಿಯ ಲೈಟು, ಹಾರನ್ನು ಹಳೇ ವೈರಿನಲ್ಲಿ. ಎರಡೂ ಕೂಡುವ ಜಾಗ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಚಾಚಾ ಹೇಳಿದ್ದು ಇನ್ನೂ ಚೊಕ್ಕ: "ಅಣ್ಣತಮ್ಮರು ಒಂದ ಮನ್ಯಾಗ ಇರ್ಲಿ. ಒಲಿ ಎರಡ ಇರ್ಲಿ. ನಡುವ ಬಾಗಲಾ ಒಂದ."

ಆ ಬಾಗಿಲಿನಿಂದ ದಾಟಿದ ವೈರುಗಳನ್ನು ಎಣಿಸಿದರೆ ಹನ್ನೊಂದು. ಬ್ಯಾಟರಿಯ ಕಾಯಂ ಕರೆಂಟು ಒಂದು, ಚಾವಿ ತಿರುವಿದಾಗ ಬರೋದು ಒಂದು, ಸೆಲ್ಫ್ ಹೊಡೆಯೋ ಸುದ್ದಿ ಒಂದು, ಅರ್ಥ್ ಒಂದು. ಪಂಪಿಗೆ ಒಂದು, ರೇಡಿಯೇಟರ್ ಫ್ಯಾನಿಗೆ ಒಂದು. ಆಯಿಲ್ ದೀಪ, ಚಾರ್ಜಿಂಗ್ ದೀಪ, ಟೆಂಪರೇಚರ್ ಮುಳ್ಳು, ಚೆಕ್ ಎಂಜಿನ್ ದೀಪ ಅಂತ ಡ್ಯಾಶ್‌ಬೋರ್ಡಿಗೆ ನಾಲ್ಕು. ಗಾಡಿ ಓಡುತ್ತಿದೆಯೋ ನಿಂತಿದೆಯೋ ಅಂತ ಇಸಿಎಂಗೆ ತಿಳಿಸೋ ವೇಗದ ವೈರು ಒಂದು. 1996ರ ಗಾಡಿಯಲ್ಲಿ ಚೆಕ್ ಎಂಜಿನ್ ದೀಪಕ್ಕೆ ಜಾಗವೇ ಇರಲಿಲ್ಲ. ಆದರೆ ಇನ್ನು ಮೇಲೆ ಚೋಕ್ ಬೇಕಿಲ್ಲವಲ್ಲ, ಆ ಗುಂಡಿಯ ತೂತು ಖಾಲಿ. ದೀಪ ಅದರೊಳಗೆ ಕೂತಿತು.

ಹೊಸ ಎಂಜಿನ್ನಿನ ಸ್ವಭಾವ ಹಳೇದರ ಹಂಗಲ್ಲ. ಕಾರ್ಬುರೇಟರ್ ಎಂಜಿನ್ನಿಗೆ ಗಾಳಿ, ಪೆಟ್ರೋಲ್, ಕಿಡಿ ಕೊಟ್ಟರೆ ಸಾಕು, ಕುರುಡಾಗಿ ಓಡುತ್ತದೆ. ಇದಕ್ಕೆ ಸುದ್ದಿ ಬೇಕು. ಗಾಳಿ ಎಷ್ಟು ಒತ್ತಡದಲ್ಲಿದೆ, ಎಂಜಿನ್ ನೀರು ಎಷ್ಟು ಬಿಸಿ, ಕಾಲು ಎಷ್ಟು ಒತ್ತಿದೆ, ಪಿಸ್ಟನ್ ಎಲ್ಲಿದೆ. ಬಹಳಷ್ಟು ಸೆನ್ಸರಿಗೆ ಇಸಿಎಂ 5 ವೋಲ್ಟ್ ಕೊಟ್ಟು, ಅದರಲ್ಲಿ ಎಷ್ಟು ಹೊಳ್ಳಿ ಬಂತು ಅಂತ ನೋಡಿ ಲೆಕ್ಕ ಹಾಕುತ್ತದೆ. ಅರ್ಧ ವೋಲ್ಟ್ ಆಚೀಚೆಯಾದರೂ ಅದರ ಪಾಲಿಗೆ ಬೇರೆಯೇ ಹವಾಮಾನ. ಬಾಯಲ್ಲಿ ಕಚ್ಚಿ ವೈರು ಸುಲಿದು, ತಿರುವಿ, ಟೇಪು ಸುತ್ತೋ ಕೆಲಸ ಹಾರನ್ನಿಗೆ ನಡೆಯುತ್ತದೆ, ಇದಕ್ಕೆ ನಡೆಯೋದಿಲ್ಲ. ನಮ್ಮ ಕಡೆ ಬಿಸಿಲಿಗೆ ಟೇಪಿನ ಅಂಟು ಬೇಸಿಗೆ ಮುಗಿಯೋದರೊಳಗೆ ಕರಗಿ ಕೈಗೆ ಬರುತ್ತದೆ. ಹನ್ನೊಂದಕ್ಕೂ ಲಗ್ಗು ಒತ್ತಿ, ಮೇಲೆ ಶಾಖಕ್ಕೆ ಬಿಗಿಯಾಗೋ ಕೊಳವೆ ಹಾಕಿದೆವು. ಬೆಸುಗೆ ಹಾಕೋಣ ಅಂದದ್ದಕ್ಕೆ ಚಾಚಾ ಒಪ್ಪಲಿಲ್ಲ. ಬೆಸುಗೆ ಮುಗಿಯೋ ಜಾಗದಲ್ಲಿ ವೈರು ಪೆಡಸಾಗಿ, ನಡುಗಿ ನಡುಗಿ ಅಲ್ಲೇ ಮುರಿಯುತ್ತದಂತೆ. ಆಮೇಲೆ ಓದಿ ನೋಡಿದರೆ ಅದು ಸರಿ.

ಚಾವಿಯ ವಿಷಯ ಹೇಳಿದರೆ ಈ ಕೆಲಸದ ರುಚಿ ಗೊತ್ತಾಗುತ್ತದೆ. ಚಾವಿ ತಿರುವಿದಾಗ ಕರೆಂಟು ಬರೋ ವೈರುಗಳು ಹಳೇ ಗಾಡಿಯಲ್ಲಿ ಒಂದಲ್ಲ, ಹಲವು ಇರುತ್ತವೆ. ಅವುಗಳಲ್ಲಿ ಕೆಲವು ಸೆಲ್ಫ್ ಹೊಡೆಯೋ ಆ ಎರಡು ಸೆಕೆಂಡು ಮಾತ್ರ ಸತ್ತು ಹೋಗುತ್ತವೆ, ಬ್ಯಾಟರಿಯ ಶಕ್ತಿಯೆಲ್ಲ ಸ್ಟಾರ್ಟರಿಗೆ ಸಿಗಲಿ ಅಂತ. ಫ್ಯಾನು, ರೇಡಿಯೋಕ್ಕೆ ಅದು ಪರವಾಗಿಲ್ಲ. ಇಸಿಎಂಗೆ ಅಂಥ ವೈರು ಕೊಟ್ಟರೆ ಎಂಜಿನ್ ತಿರುಗುವಾಗಲೇ ಅದರ ತಲೆ ಮಂಕಾಗಿ, ಗಾಡಿ ಎಂದಿಗೂ ಹತ್ತೋದಿಲ್ಲ. ಬಣ್ಣ ನೋಡಿ ಇದು ತಿಳಿಯೋದಿಲ್ಲ. ಚಾಚಾ ಟೆಸ್ಟ್ ಲ್ಯಾಂಪ್ ಹಚ್ಚಿ ಕೂತರು, ನಾನು ಸೆಲ್ಫ್ ಹೊಡೆಯುತ್ತ ಹೋದೆ. ದೀಪ ಆರಿದ ವೈರನ್ನೆಲ್ಲ ಬಿಟ್ಟು, ಉರಿಯುತ್ತಲೇ ಇದ್ದದ್ದನ್ನು ಹಿಡಿದೆವು. ನಮ್ಮ ಪುಣ್ಯಕ್ಕೆ ಬಂದ ಗಾಡಿಯಲ್ಲಿ ಇಮೊಬಿಲೈಜರ್ ಇರಲಿಲ್ಲ. ಇದ್ದಿದ್ದರೆ ಅದರ ಚಾವಿ, ಅದರ ಡಬ್ಬಿ ಎಲ್ಲ ಬೇಕಾಗುತ್ತಿತ್ತು.

ಐದನೇ ವಾರದ ಭಾನುವಾರ ಎಂಜಿನ್ ಹತ್ತಿತು. ಚಾವಿ ತಿರುವಿದ ಕೂಡಲೇ ಹಿಂದೆ ಟ್ಯಾಂಕಿನಲ್ಲಿ ಪಂಪು ಎರಡು ಸೆಕೆಂಡು ಗುಂಯ್ ಅಂದು ನಿಂತಿತು. ಎಂಜಿನ್ ತಿರುಗದೇ ಪಂಪು ಓಡಬಾರದು, ಅಪಘಾತವಾಗಿ ಎಂಜಿನ್ ನಿಂತರೆ ಪೆಟ್ರೋಲೂ ನಿಲ್ಲಬೇಕು, ಅದಕ್ಕೆ ಆ ಎರಡು ಸೆಕೆಂಡು. ಸೆಲ್ಫ್ ಹೊಡೆದರೆ ಅರ್ಧ ಸುತ್ತಿಗೇ ಹಿಡಿದುಕೊಂಡಿತು. ಹುಡುಗರು ಶಿಳ್ಳೆ ಹೊಡೆದರು. ಕತ್ತಲಾಗಿತ್ತು ಅಂತ ಚಾಚಾ ಹೆಡ್‌ಲೈಟ್ ಹಾಕಿದರು. ಗಾಡಿ ಗಡಗಡ ನಡುಗಿ ನಿಂತಿತು.

ಲೈಟು ಆರಿಸಿದರೆ ನೆಟ್ಟಗೆ ಓಡೋದು, ಹಾಕಿದರೆ ಸಾಯೋದು. ಮುಂಜಾನೆ ಐದೂವರೆಗೆ ಊರು ಬಿಡೋ ಗಾಡಿಗೆ ಲೈಟು ಬೇಡ ಅನ್ನಲಾದೀತೇ?

ಎರಡು ದಿನ ಹುಡುಕಿದೆವು. ಸ್ಕ್ಯಾನರ್ ಹಚ್ಚಿದರೆ ಸೆನ್ಸರುಗಳೆಲ್ಲ ಸರಿ. ಮುಂಜಾನೆ ಎಂಜಿನ್ ತಣ್ಣಗಿದ್ದಾಗ ನೀರಿನ ಉಷ್ಣತೆ ಮತ್ತು ಗಾಳಿಯ ಉಷ್ಣತೆ ಒಂದೇ ತೋರಿಸಬೇಕು, ಅದು ಸುಲಭದ ಪರೀಕ್ಷೆ. ಎರಡೂ 19 ತೋರಿಸಿದವು. ಫ್ಯೂಜು ಸರಿ, ರಿಲೇ ಸರಿ. ಕೊನೆಗೆ ಚಾಚಾ ಅಂದರು, "ಎಲ್ಲಾರೂ ಕೆಂಪ ವೈರ್ ನೋಡತಾರ. ಕರೀದು ಯಾರೂ ನೋಡಂಗಿಲ್ಲ." ಮಲ್ಟಿಮೀಟರಿನ ಒಂದು ತುದಿ ಎಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಇಟ್ಟು ಎಂಜಿನ್ ಓಡಿಸಿ ಲೈಟು ಹಾಕಿದೆವು. ಎರಡೂ ಒಂದೇ ನೆಲ ಆಗಿರಬೇಕು, ಅಂದರೆ ಮೀಟರ್ ಸೊನ್ನೆಯ ಹತ್ತಿರವೇ ಇರಬೇಕು. ಒಂದು ವೋಲ್ಟಿಗಿಂತ ಜಾಸ್ತಿ ತೋರಿಸಿತು.

ಕಾರಣ ಹೀಗೆ. ಕರೆಂಟು ಹುಟ್ಟೋದು ಎಂಜಿನ್ನಿಗೆ ಕೂತ ಆಲ್ಟರ್ನೇಟರಿನಲ್ಲಿ, ಲೈಟು ಅದನ್ನು ಉಂಡು ಬಿಡೋದು ಬಾಡಿಗೆ. ಬಾಡಿಯಿಂದ ಎಂಜಿನ್ನಿಗೆ ವಾಪಸ್ಸು ಹೋಗೋಕೆ ಒಂದು ಅರ್ಥ್ ಪಟ್ಟಿ ಇರುತ್ತದೆ. ಇಪ್ಪತ್ತೈದು ವರ್ಷದಲ್ಲಿ ಗಾಡಿಗೆ ಎರಡು ಸಲ ಪೇಂಟ್ ಆಗಿತ್ತು. ಆ ಪಟ್ಟಿಯ ಬೋಲ್ಟಿನ ಕೆಳಗೆ ಬಣ್ಣ, ಬಣ್ಣದ ಕೆಳಗೆ ತುಕ್ಕು. ಹಳೇ ಎಂಜಿನ್ನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಲೈಟು ಒಂದು ಚೂರು ಮಂದ ಆಗೋದು, ಅಷ್ಟೇ. ಹೊಸದಕ್ಕೆ ನೆಲವೇ ಅಲುಗಾಡಿದಂತೆ. ಎಮರಿ ಹಾಳೆ ಹಾಕಿ ತಗಡು ಬೆಳ್ಳಗಾಗುವವರೆಗೆ ತಿಕ್ಕಿ, ಬ್ಯಾಟರಿ, ಬಾಡಿ, ಎಂಜಿನ್ ಮೂರನ್ನೂ ದಪ್ಪ ಕೇಬಲ್ಲಿನಿಂದ ಬಿಗಿದೆವು. ಸಾಮಾನಿಗೆ ನೂರು ರೂಪಾಯಿಯೊಳಗೆ. ಲೈಟು, ವೈಪರ್, ಹಾರನ್ನು ಎಲ್ಲ ಒಟ್ಟಿಗೆ ಹಾಕಿದರೂ ಎಂಜಿನ್ ಮಿಸುಕಲಿಲ್ಲ.

ಬ್ರೇಕ್ ಇನ್ಸ್‌ಪೆಕ್ಟರ್ ಬಿಲ್ಲು ನೋಡಿದರು, ಎಂಜಿನ್ ನಂಬರ್ ನೋಡಿದರು, ಚೆಸ್ಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆದುಕೊಂಡರು. ಡಿಸೆಂಬರಿಗೆ ಆರ್‌ಸಿಯ ಅವಧಿಯೂ ಮುಗಿಯುತ್ತಿತ್ತು, ಇನ್ನೈದು ವರ್ಷಕ್ಕೆ ಅದೂ ಆಯಿತು. ಸಮಯಕ್ಕೆ ಸರಿಯಾಗಿ ಅನ್ನಬೇಕು. 2022ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಕಾರಿನ ನವೀಕರಣದ ಫೀಸು 600ರಿಂದ 5000ಕ್ಕೆ ಹಾರಿತು. ಇನ್ಶೂರೆನ್ಸಿನಲ್ಲೂ ಹೊಸ ಎಂಜಿನ್ ನಂಬರ್ ಬರೆಸಿದೆವು. ಇದನ್ನು ಬಹಳ ಜನ ಮರೆಯುತ್ತಾರೆ.

ಅವ್ವ ಮೊದಲ ದಿನ ಹಿಂದಿನ ಸೀಟಿನಲ್ಲಿ ಕೂತು, ಅಪ್ಪ ಚಾವಿ ತಿರುವಿದ ಮೇಲೂ ಸುಮ್ಮನೆ ಕಾದಳು. ಆಮೇಲೆ ಕೇಳಿದಳು, "ಚಾಲೂ ಆತೇನು?" ಮೂರು ಸಲ ಕೆಮ್ಮೋದನ್ನು ಕೇಳಿ ಅಭ್ಯಾಸ ಆಗಿತ್ತು. ಅಪ್ಪನ ಕೈ ಮಾತ್ರ ಇನ್ನೂ ಒಂದು ತಿಂಗಳು ಚೋಕ್ ಗುಂಡಿ ಹುಡುಕುತ್ತಿತ್ತು, ಸಿಗುತ್ತಿದ್ದದ್ದು ಚೆಕ್ ಎಂಜಿನ್ ದೀಪ.

ನನಗೆ ಬೆಂಗಳೂರಿಗೆ ಹೊರಡೋ ದಿನ ಬಂದಾಗ ತಲೆಯಲ್ಲಿ ಉಳಿದಿದ್ದು ಒಂದೇ. ಈ ಗಾಡಿ ಈಗ ಯಾವ ಪುಸ್ತಕದಲ್ಲೂ ಇಲ್ಲದ ಗಾಡಿ. ಶಿರಹಟ್ಟಿಯಲ್ಲಿ ಕೆಟ್ಟರೆ ಅಲ್ಲಿನ ಮಿಸ್ತ್ರಿಗೆ ಒಳಗೆ ಏನಿದೆ ಅಂತ ಹೇಗೆ ತಿಳಿಯಬೇಕು? ಚಾಚಾಗೂ ಎಪ್ಪತ್ತರ ಹತ್ತಿರ. ಹಂಗಾಗಿ ಒಂದು ಹಾಳೆಯಲ್ಲಿ ಆ ಹನ್ನೊಂದು ವೈರಿನ ನಕ್ಷೆ ಬರೆದೆ. ಬಣ್ಣ, ಎಲ್ಲಿಂದ ಎಲ್ಲಿಗೆ, ಯಾವ ಫ್ಯೂಜು ಎಷ್ಟು ಆಂಪಿಯರ್. ಎಲ್ಲ ಕನ್ನಡದಲ್ಲೇ. ಅಪ್ಪ ನೋಡಿ, ನನ್ನ ಅಕ್ಷರ ಡಾಕ್ಟರ ಚೀಟಿ ಇದ್ದಂಗ ಐತಿ ಅಂದು, ತಾವೇ ಕೂತು ಬೋರ್ಡಿನ ಮೇಲೆ ಬರೆಯೋ ದುಂಡು ಅಕ್ಷರದಲ್ಲಿ ನಕಲು ಮಾಡಿದರು. ಲ್ಯಾಮಿನೇಶನ್ ಮಾಡಿಸಿ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟೆವು. ಇಲಿ ಕಡಿಯದಿರಲಿ ಅಂತ ಎಂಜಿನ್ ಕಡೆ ವೈರಿಗೆಲ್ಲ ಜಾಳಿಗೆ ಹೊದಿಸಿದ್ದನ್ನೂ ಅಪ್ಪ ಅದರಲ್ಲಿ ಬರೆದಿದ್ದರು.

ಮರುವರ್ಷ ಬೇಸಿಗೆಯಲ್ಲಿ ಮುಂಡರಗಿಗೆ ಮದುವೆಗೆ ಹೋದವರ ಗಾಡಿ ಕಲ್ಯಾಣ ಮಂಟಪದ ಮುಂದೆ ನಿಂತಿತು. ನನಗೆ ಫೋನು ಬರಲಿಲ್ಲ. ಸಂಜೆ ನಾನೇ ಮಾಡಿದಾಗ ಅಪ್ಪ ಮದುವೆ ಊಟದ ಸುದ್ದಿಯೆಲ್ಲ ಹೇಳಿ, ಕೊನೆಗೆ ಅಂದರು: "ಪಂಪಿನ ಫ್ಯೂಜ್ ಹೋಗಿತ್ತು. ಅಲ್ಲಿ ಒಬ್ಬ ಸಣ್ಣ ಹುಡುಗ ಮಿಸ್ತ್ರಿ, ಹಾಳಿ ತೆಗದು ಓದಿದಾ, ಹತ್ತ ನಿಮಿಷದಾಗ ಮಾಡಿ ಕೊಟ್ಟಾ." ದೀಪಾವಳಿಗೆ ಊರಿಗೆ ಹೋದಾಗ ಹಾಳೆ ತೆಗೆದು ನೋಡಿದೆ. ಲ್ಯಾಮಿನೇಶನ್ ಮೇಲೆ ಮಾರ್ಕರಿನಲ್ಲಿ, ಪಂಪಿನ ಸಾಲಿನ ಪಕ್ಕ, ಸೊಟ್ಟ ಅಕ್ಷರದಲ್ಲಿ ಒಂದು ಸಾಲು ಸೇರಿತ್ತು: ಹಿಂದಿನ ಸೀಟಿನ ಕೆಳಗೆ ವೈರು ತಗಡಿಗೆ ತಿಕ್ಕತಿತ್ತು, ರಬ್ಬರ್ ಹಾಕೀನಿ, ವರ್ಷಕ್ಕೊಮ್ಮೆ ನೋಡ್ರಿ.